ಒಂದು ಜಪದಷ್ಟು ಬೆಂಕಿ

ಓಸ್ತಿಯಮ್ಮನ ಮುತ್ತಜ್ಜ ಕಮ್ಮಾರ. ಗಾಡಿ ಚಕ್ರಕ್ಕೆ ಪಟ್ಟಿ ಹೊಡೆಯುವುದು, ಗುದ್ದಲಿ ಕಾಯಿಸಿ ಮೊನೆ ಬಡಿಯುವುದು, ಇಷ್ಟು ಬಿಟ್ಟರೆ ಬೇರೇನೂ ತಿಳಿಯದ ಆಸಾಮಿ. ಆ ಕಾಲಕ್ಕೆ ಚರ್ಚಿಗೆ ಬೇಕಾದ ಓಸ್ತಿ, ಅಂದರೆ ಬಲಿಪೂಜೆಯಲ್ಲಿ ಪೀಠದ ಮೇಲಿಡುವ ಕಾಗದದಷ್ಟು ತೆಳ್ಳಗಿನ ದುಂಡು ರೊಟ್ಟಿ, ಎರಡು ದಿನದ ದಾರಿಯಿಂದ ಗಾಡಿಯಲ್ಲಿ ಬರುತ್ತಿತ್ತು. ಬರುವಷ್ಟರಲ್ಲಿ ಅರ್ಧ ಪುಡಿ, ಇನ್ನರ್ಧಕ್ಕೆ ಬೂಷ್ಟು. ಒಂದು ಕ್ರಿಸ್ಮಸ್ಸಿಗೆ ಗಾಡಿಯೇ ಬರಲಿಲ್ಲ. ಜನ ಹೊಸ ಬಟ್ಟೆ ತೊಟ್ಟು ಬಂದು, ಹಾಡು ಹಾಡಿ, ಪ್ರಸಾದ ಕಾಣದೆ ಮನೆಗೆ ಹೋದರು. ಮಾರನೆಯ ದಿನ ಆಗಿನ ಪಾದ್ರಿ, ಮುದಿ ಸ್ವಾಮಿಗಳು, ಕುಲುಮೆಗೆ ಬಂದು, ತಿದಿಯ ಪಕ್ಕ ಕುಕ್ಕರಗಾಲಲ್ಲಿ ಕೂತು, "ಓಸ್ತಿ ಸುಡುವ ಅಚ್ಚು ನಿನ್ನ ಕೈಲಾಗುತ್ತೇನಪ್ಪಾ?" ಎಂದು ಕೇಳಿದರಂತೆ. "ಅಂಥದ್ದು ನೋಡೇ ಇಲ್ಲ ಸ್ವಾಮಿ. ಅದಕ್ಕೇ ಆಗುತ್ತೆ ಅನ್ನಿಸ್ತಿದೆ" ಎಂದನಂತೆ ಮುತ್ತಜ್ಜ.

ಮೂರು ತಿಂಗಳು ಬಡಿದ. ತೋಳುದ್ದದ ಎರಡು ಹಿಡಿ, ಹಿಡಿಗಳ ತುದಿಗೆ ಊಟದ ತಟ್ಟೆಯಗಲದ ಎರಡು ಬಿಲ್ಲೆ, ಒಂದರ ಮೇಲೊಂದು ಕಚ್ಚಿ ಕೂರುವಂಥ ದೊಡ್ಡ ಇಕ್ಕಳ. ಒಳಮೈಯಲ್ಲಿ ಉಳಿಯಿಂದ ಎಂಟು ದುಂಡು ಕೊರೆದು ಶಿಲುಬೆ ಕೆತ್ತಿದ, ಒಂದು ಹಾಳೆ ಸುಟ್ಟರೆ ಎಂಟು ಓಸ್ತಿ ಕತ್ತರಿಸುವಂತೆ. ನಡುವೆ ಒಂದು ಕುರಿಮರಿ ಬೇಕೆಂದಿದ್ದರು ಸ್ವಾಮಿಗಳು. ಕಬ್ಬಿಣದಲ್ಲಿ ತಿರುಗುಮುರುಗಾಗಿ ಕೆತ್ತಬೇಕಲ್ಲ, ಕುರಿಮರಿ ಹೋಗಿ ನಾಯಿಯಾಯಿತು. ಮುತ್ತಜ್ಜ ನಾಚಿ ನೆಲ ನೋಡಿದರೆ ಸ್ವಾಮಿಗಳು ಹೊಟ್ಟೆ ಹಿಡಿದುಕೊಂಡು ನಕ್ಕು, "ಇರಲಿ ಬಿಡು, ಕುರಿ ಕಾಯಕ್ಕೂ ಒಂದು ಬೇಕಲ್ಲ" ಎಂದರಂತೆ. ಆ ನಾಯಿಯಂಥ ಕುರಿಮರಿಯೇ ನಾಲ್ಕು ತಲೆಮಾರು ಊರಿನವರ ನಾಲಿಗೆಯ ಮೇಲೆ ಕರಗಿತು.

ಇಕ್ಕಳ ಮಾಡಿದವನು ಮುತ್ತಜ್ಜನಾದರೆ ಅದಕ್ಕೆ ಹೊತ್ತು ಕಟ್ಟಿದವಳು ಅವನ ಹೆಂಡತಿ. ಮನೆಯಲ್ಲಿ ಗಡಿಯಾರವಿರಲಿಲ್ಲ. ಹಿಟ್ಟು ಹುಯ್ದು ಇಕ್ಕಳ ಮುಚ್ಚಿ ಕೆಂಡದ ಮೇಲೆ ಹಿಡಿದರೆ, ಒಂದು ಗಳಿಗೆ ಮುಂಚೆ ತೆಗೆದರೆ ಹಸಿ, ಒಂದು ಗಳಿಗೆ ತಡವಾದರೆ ಕಪ್ಪು. ಬುಟ್ಟಿಗಟ್ಟಲೆ ಸುಟ್ಟ ಮೇಲೆ ಆಕೆಗೆ ಹೊಳೆಯಿತು: ಕರ್ತನು ಕಲಿಸಿದ ಪರಲೋಕ ಜಪವನ್ನು ಅವಸರವಿಲ್ಲದೆ, ಎಳೆಯದೆ, ಒಂದು ಸಲ ಪೂರ್ತಿ ಹೇಳಿದರೆ ಒಂದು ಮಗ್ಗುಲು ಬೆಂದಿರುತ್ತದೆ. ತಿರುವಿ ಹಾಕಿ ಇನ್ನೊಂದು ಸಲ ಹೇಳಿದರೆ ಇನ್ನೊಂದು ಮಗ್ಗುಲು. ಅಂದಿನಿಂದ ಆ ಮನೆಯಲ್ಲಿ ಇಕ್ಕಳ ಬೆಂಕಿಯ ಮೇಲಿದ್ದಾಗ ಜಪ ಬಿಟ್ಟು ಬೇರೆ ಮಾತಿಲ್ಲ. ಆಕೆಯ ಮಗಳು ನೆರೆ ಬಂದ ವರ್ಷ ತನ್ನ ಮದುವೆಯ ಪೆಟ್ಟಿಗೆಯನ್ನು ನೀರಿಗೆ ಬಿಟ್ಟು, ಇಕ್ಕಳವನ್ನು ತಲೆಯ ಮೇಲೆ ಹೊತ್ತು ಕುತ್ತಿಗೆಮಟ್ಟದ ನೀರು ದಾಟಿದಳು. ಆ ಮಗಳ ಮಗಳು, ಅಂದರೆ ಓಸ್ತಿಯಮ್ಮನ ತಾಯಿ, ಗಂಡನನ್ನು ಮಣ್ಣು ಮಾಡಿದ ಮೂರನೆಯ ದಿನ ಒಲೆಯ ಮುಂದೆ ಕೂತು, ಒಂದು ಅಕ್ಷರ ತಡವರಿಸದೆ ಜಪ ಹೇಳಿ, ಕ್ರಿಸ್ಮಸ್ಸಿಗೆ ಐನೂರು ಓಸ್ತಿ ಸುಟ್ಟು ಕಳಿಸಿದಳು. ಒಂದಕ್ಕೂ ಕಂದು ಅಂಚಿರಲಿಲ್ಲವಂತೆ.

ಇಂಥವರ ಹೊಟ್ಟೆಯಲ್ಲಿ ಹುಟ್ಟಿದವಳು ಓಸ್ತಿಯಮ್ಮ. ಹೆತ್ತವರಿಟ್ಟ ಹೆಸರು ಬೇರೆ ಇತ್ತು, ಅದು ಜ್ಞಾನಸ್ನಾನದ ಪುಸ್ತಕದಲ್ಲೇ ಉಳಿಯಿತು. ಕೈ ಹಿಡಿದವನು ಗಡಿಯಾರ ರಿಪೇರಿಯವನು. ಮನೆಯ ಮುಂದಿನ ಕೋಣೆಯಲ್ಲೇ ಅಂಗಡಿ. ಗೋಡೆಯ ತುಂಬ ಗಡಿಯಾರ, ಒಂದೊಂದೂ ಒಂದೊಂದು ಹೊತ್ತು ತೋರಿಸುತ್ತಿದ್ದವು. ಒಮ್ಮೆ ಅವನು ಕಳ್ಳನ ಹಾಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು, ಕೈಯಲ್ಲಿ ಗಡಿಯಾರ ಹಿಡಿದು, ಹೆಂಡತಿಯ ಜಪವನ್ನು ಅಳೆದ. ಇಪ್ಪತ್ತೆಂಟು ಸೆಕೆಂಡು. ಹತ್ತು ಸಲ ಅಳೆದರೂ ಇಪ್ಪತ್ತೆಂಟೇ. "ನನ್ನಂಗಡೀಲಿ ಇಷ್ಟು ನಿಯತ್ತಿಂದು ಒಂದೂ ಇಲ್ಲ ಕಣೇ. ನಿನ್ನನ್ನೇ ಗೋಡೆಗೆ ನೇತುಹಾಕಿದ್ರೆ ಆಗಿತ್ತು" ಎಂದ. ಅವಳು ಬೆಂಕಿಯ ಮೇಲಿದ್ದ ಇಕ್ಕಳ ಬಿಡಲಾಗದೆ, ಜಪ ನಿಲ್ಲಿಸಲೂ ಆಗದೆ, ಕಣ್ಣಲ್ಲೇ ಗದರಿದಳು. ಅವನು ತೀರಿಹೋಗಿ ಹನ್ನೊಂದು ವರ್ಷವಾಗಿತ್ತು. ಅವನ ತಂಗಿ ಅತ್ತಿಗೆಯ ಜೊತೆಗೇ ಉಳಿದಳು. ಮದುವೆಯಾಗದವಳು, ಒಂದು ಕಾಲು ಸ್ವಲ್ಪ ಕುಂಟು, ನಾಲಿಗೆಗೆ ಮಾತ್ರ ಯಾವ ಕುಂಟೂ ಇಲ್ಲ.

ಮಗಳು ಒಬ್ಬಳೇ. ಹುಟ್ಟಿದಾಗಿನಿಂದ ಬಾಯಿ ಮುಚ್ಚದವಳು ಎಂದು ಗಿಣಿ ಎಂದೇ ಕರೆದರು. ಅಂಚೆ ಕಚೇರಿಯಲ್ಲಿ ಕಾಗದಗಳಿಗೆ ಮುದ್ರೆ ಒತ್ತುವ ಕೆಲಸ. ಮುದ್ರೆಯ ಸದ್ದಿನ ಮೇಲೂ ಅವಳ ಮಾತು ಕೇಳುತ್ತಿತ್ತು. ಆ ಗಿಣಿ ಬಾಯಿಗೆ ಬೀಗ ಹಾಕುತ್ತಿದ್ದದ್ದು ಇಕ್ಕಳದ ಮುಂದೆ ಮಾತ್ರ. ತಾಯಿ ಹಿಟ್ಟು ಹುಯ್ದು ಮುಚ್ಚುವುದು, ಮಗಳು ಅಂಚಿನಲ್ಲಿ ಉಕ್ಕಿ ಬಂದದ್ದನ್ನು ಚಾಕುವಿನಲ್ಲಿ ಕೆರೆದು ತಿರುವುವುದು, ಇಬ್ಬರೂ ಒಂದೇ ದನಿಯಲ್ಲಿ ಜಪ. ಹತ್ತು ವರ್ಷದವಳಿದ್ದಾಗ ಕೂತವಳು ಮೂವತ್ತನಾಲ್ಕರವರೆಗೂ ಒಂದು ವರ್ಷ ತಪ್ಪಿಸಲಿಲ್ಲ. ಎರಡು ಬೀದಿ ಆಚೆಗೆ ಮದುವೆಯಾಗಿ ಹೋದ ಮೇಲೂ ಕ್ರಿಸ್ಮಸ್ಸಿಗೆ ಮುಂಚಿನ ಆಗಮನ ಕಾಲದ ನಾಲ್ಕು ವಾರ ಬೆಳಗಾಗುತ್ತಲೇ ಬಂದು ಒಲೆಯ ಮುಂದೆ ಹಾಜರು. ನೆರೆಹೊರೆಯಲ್ಲಿ ನಕ್ಷತ್ರ ತೂಗಿದರೂ ಓಸ್ತಿಯ ಕೊನೆಯ ಹಾಳೆ ಇಳಿಯುವತನಕ ಈ ಮನೆಯಲ್ಲಿ ಒಂದು ದೀಪ ಹೆಚ್ಚಿಗೆ ಹತ್ತುತ್ತಿರಲಿಲ್ಲ. "ಹಬ್ಬ ಮೊದಲು ಪೀಠದ ಮೇಲೆ ಹುಟ್ಟಲಿ, ಆಮೇಲೆ ಬೀದಿಗೆ ಬರಲಿ" ಎನ್ನುವುದು ತಾಯಿ ಮಗಳು ಇಬ್ಬರ ಹಟ.

ಮದುವೆಯಾಗಿ ಒಂಬತ್ತು ವರ್ಷದ ಮೇಲೆ ಗಿಣಿಗೆ ಬಸಿರು ನಿಂತಿತು. ಹೆರಿಗೆ ಕ್ರಿಸ್ಮಸ್ ವಾರಕ್ಕೆ ಬೀಳುತ್ತದೆ ಎಂದರು ಡಾಕ್ಟರಮ್ಮ. ಗಿಣಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, "ಈ ಸಲ ಬಾಲಯೇಸುವಿನ ಗೋದಲೀಲಿ ಇಕ್ಕಟ್ಟಾಗುತ್ತಮ್ಮಾ, ಇಬ್ಬರಿಗೆ ಹುಲ್ಲು ಹಾಸಕ್ಕೆ ಹೇಳು ಫಾದರ್‌ಗೆ" ಎಂದಳು. "ಹಾಗೆಲ್ಲ ಅನ್ಬಾರದು, ತಲೆಹರಟೆ" ಎಂದು ಅತ್ತೆ, ಅಂದರೆ ಗಡಿಯಾರದವನ ತಂಗಿ, ಬೆನ್ನಿಗೊಂದು ಗುದ್ದಿದಳು. ಅವಳೇ ಒಳಗೆ ಹೋಗಿ ಒಬ್ಬಳೇ ನಕ್ಕಳು.

ಏಳನೆಯ ತಿಂಗಳಲ್ಲಿ ಒಂದು ಬೆಳಗ್ಗೆ ರಕ್ತ ಕಂಡಿತು. ಮಧ್ಯಾಹ್ನದ ಗಂಟೆ ಹೊಡೆಯುವಷ್ಟರಲ್ಲಿ ಮಗುವೂ ಇಲ್ಲ, ಗಿಣಿಯೂ ಇಲ್ಲ. ಯಾರದೂ ತಪ್ಪಿರಲಿಲ್ಲ. ಡಾಕ್ಟರಮ್ಮನೇ ಗೋಡೆಗೆ ಒರಗಿ ಅತ್ತರು. ಇಬ್ಬರನ್ನೂ ಒಂದೇ ಪೆಟ್ಟಿಗೆಯಲ್ಲಿ ಮಲಗಿಸಿದರು. ಸಮಾಧಿಯ ಹತ್ತಿರ ಎಲ್ಲರೂ ಜಪ ಹೇಳುವಾಗ ಓಸ್ತಿಯಮ್ಮನ ತುಟಿ ಆಡುತ್ತಿತ್ತು. ದನಿ ಇತ್ತೋ ಇಲ್ಲವೋ ಯಾರೂ ಕಿವಿಗೊಡಲಿಲ್ಲ. ಅವಳೂ ಕೊಡಲಿಲ್ಲ.

ಅವಳು ಮೊದಲೇ ಸುಟ್ಟು ಚರ್ಚಿನ ಡಬ್ಬಿಗೆ ತುಂಬಿದ್ದ ಓಸ್ತಿ ಕೆಲವು ವಾರ ಬಂತು. ಮುಗಿದ ಮೇಲೆ ಪೇಟೆಯಿಂದ ಪ್ಯಾಕೆಟ್ ಬಂತು. ಇಕ್ಕಳ ಗೋಡೆಯ ಮೊಳೆಯಲ್ಲೇ ತೂಗಿತು.

ಆಗಮನ ಕಾಲದ ಮೊದಲ ಭಾನುವಾರ ಪೂಜೆ ಮುಗಿದ ಮೇಲೆ ಚರ್ಚಿನ ಹಿಂದಿನ ಹಾಲಿನಲ್ಲಿ ಹಬ್ಬದ ಸಭೆ. ಕಾರ್ಯದರ್ಶಿ ಮೂವತ್ತು ವರ್ಷ ಬಸ್ಸಿನಲ್ಲಿ ದುಡಿದು ನಿವೃತ್ತನಾದವನು, ಈಗಲೂ ಎಲ್ಲರ ಬಾಯಲ್ಲಿ ಕಂಡಕ್ಟರೇ. ಕಿವಿಯ ಸಂದಿಯಲ್ಲಿ ಪೆನ್ನು ಸಿಕ್ಕಿಸಿ ಪಟ್ಟಿ ಓದಿದ. ಒಂದು, ಗೋಪುರದೆತ್ತರದ ನಕ್ಷತ್ರ, ಒಳಗೆ ಓಡಾಡುವ ದೀಪ. ಎರಡು, ಮೈಕ್ ಸೆಟ್ಟು. ಮೂರು, ಕೇಕು. ನಾಲ್ಕು, ಕೆಂಪು ಬಟ್ಟೆಯ ತಾತನ ವೇಷಕ್ಕೆ ಹೊಸ ಗಡ್ಡ, ಹಳೆಯದನ್ನು ಇಲಿ ತಿಂದಿದೆ. ಹೀಗೇ ಸಾಗಿ ಹನ್ನೆರಡನೆಯದಕ್ಕೆ ದನಿ ತಗ್ಗಿಸಿದ. "ಓಸ್ತಿ. ಈ ವರ್ಷ ಪ್ಯಾಕೆಟ್ಟೇ ತರಿಸೋಣ ಅಂತ. ಒಂದರ ಹಾಗೆ ಒಂದು ಇರ್ತವೆ, ಒಡೆಯಲ್ಲ. ಮುಂದಕ್ಕೂ ಅದೇ ಅನುಕೂಲ. ಆ ಇಕ್ಕಳಾನ ಗಾಜಿನ ಪೆಟ್ಟಿಗೇಲಿಟ್ಟು ಇಲ್ಲೇ ಹಾಲಲ್ಲಿ ಇಡೋಣ, ನೆನಪಿಗೆ."

ಹಿಂದಿನ ಸಾಲಿನಿಂದ ಓಸ್ತಿಯಮ್ಮ ಎದ್ದು ನಿಂತಳು. "ನಾನು ಸುಡ್ತೀನಿ."

"ಅಮ್ಮಾ, ಈ ವರ್ಷ ಸುಧಾರಿಸ್ಕೊಳ್ಳಿ..."

"ಕಂಡಕ್ಟರೇ, ನಕ್ಷತ್ರ ಒಂದನೇದು, ಓಸ್ತಿ ಹನ್ನೆರಡನೇದು. ಹುಟ್ಟೋನು ಎಷ್ಟನೇದು?"

ಕಂಡಕ್ಟರ್ ಪಾಪ, ನಿಜವಾಗಿಯೂ ಪಟ್ಟಿಯ ಮೇಲೆ ಬೆರಳಾಡಿಸಿ ಹುಡುಕಿದ. ಯಾರೋ ಕಿಸಕ್ಕೆಂದರು. ಮೂಲೆಯಲ್ಲಿ ಕೂತಿದ್ದ ಫಾದರ್ ಮೂವತ್ತು ದಾಟದವರು, ಊರಿಗೆ ಬಂದು ಎಂಟು ತಿಂಗಳು. ಅವರು ಎದ್ದು ತೀರ್ಮಾನ ಹೇಳಿದರು: "ಇಪ್ಪತ್ತಮೂರನೇ ತಾರೀಕು ಮಧ್ಯಾಹ್ನದ ತನಕ ಕಾಯ್ತೀವಿ ಅಮ್ಮಾ. ಆರುನೂರು ಬೇಕು. ಆದರೆ ಸಂತೋಷ. ಆಗದಿದ್ದರೂ ಯಾರೂ ಏನೂ ಅಂದುಕೊಳ್ಳಲ್ಲ." ಆಗದಿದ್ದರೆ ಇಕ್ಕಳ ಗಾಜಿನ ಪೆಟ್ಟಿಗೆಗೆ ಹೋಗುತ್ತದೆ ಎಂಬುದನ್ನು ಅವರು ಹೇಳಲಿಲ್ಲ. ಎಲ್ಲರಿಗೂ ಗೊತ್ತಿತ್ತು.

ಅವಳು ಮಾರನೆಯ ಬೆಳಗ್ಗೆಯೇ ಇಕ್ಕಳ ಇಳಿಸಿದಳು. ಬೂದಿ ಹಾಕಿ ಉಜ್ಜಿದಳು, ಕಾಯಿಸಿ ಜೇನುಮೇಣ ಸವರಿ ಒರೆಸಿದಳು. ಗೋಧಿಹಿಟ್ಟನ್ನು ತೆಳು ಬಟ್ಟೆಯಲ್ಲಿ ಮೂರು ಸಲ ಸೋಸಿ ತಣ್ಣೀರಲ್ಲಿ ಕಲೆಸಿದಳು. ಉಪ್ಪಿಲ್ಲ, ಎಣ್ಣೆಯಿಲ್ಲ, ಗೋಧಿ ಮತ್ತು ನೀರು ಅಷ್ಟೇ. ಸೌಟಿನಲ್ಲಿ ಹುಯ್ದು ಇಕ್ಕಳ ಅದುಮಿದಾಗ ಚುಂಯ್ ಎಂದಿತು. ಗಿಣಿಯ ಚಾಕುವಿನಿಂದ ತಾನೇ ಅಂಚು ಕೆರೆದಳು. ಜಪ ಶುರುಮಾಡಿದಳು. ತಿರುವಿದಳು, ಮತ್ತೆ ಹೇಳಿದಳು, ಬಿಚ್ಚಿದಳು.

ಹಾಳೆ ಕಪ್ಪಾಗಿತ್ತು.

ಇದ್ದಿಲು ಜೋರಾಯಿತೆಂದು ಕೆಂಡ ಕೆದಕಿ ಹರಡಿದಳು. ಎರಡನೆಯದೂ ಕಪ್ಪು. ಮೇಣ ಹಳೆಯದೆಂದು ಬದಲಾಯಿಸಿದಳು. ಕಪ್ಪು. ಹಿಟ್ಟಿನಲ್ಲೇ ಐಬಿದೆ ಎಂದು ಮರುದಿನ ಗಿರಣಿಗೆ ಹೋಗಿ ಜಗಳ ತೆಗೆದಳು. ಗಿರಣಿಯವನು, "ಅಮ್ಮಾ, ಇದೇ ಹಿಟ್ಟಲ್ಲಿ ಊರೆಲ್ಲ ಕೇಕು ಸುಡ್ತಿದೆ, ಒಬ್ಬರದ್ದೂ ಕಪ್ಪಾಗಿಲ್ಲ" ಎಂದ. "ಕೇಕಿಗೆ ಸಕ್ಕರೆ ಬಣ್ಣ ಬಳಿದು ಮುಚ್ತಾರೆ, ನನಗೆ ಮುಚ್ಚಕ್ಕೇನಿದೆ?" ಎಂದು ಹೊಸ ಗೋಧಿ ಆರಿಸಿ ಬೀಸಿಸಿಕೊಂಡು ಬಂದಳು. ಅದೂ ಕಪ್ಪಾಯಿತು. ಒಂದು ವಾರಕ್ಕೆ ಕರಿ ಹಾಳೆಗಳು ಬುಟ್ಟಿ ತುಂಬಿದವು.

ನಾದಿನಿ ಅಷ್ಟು ದಿನ ಮೂಲೆಯಲ್ಲಿ ಬಟಾಣಿ ಸುಲಿಯುತ್ತ ನೋಡುತ್ತಿದ್ದಳು. ಕೊನೆಗೆ ಬಟ್ಟಲು ಕೆಳಗಿಟ್ಟಳು.

"ಅತ್ತಿಗೆ, ಬೈಬೇಡಿ. ಒಂದು ಮಾತು."

"ಬೆಂಕಿ ಮೇಲೆ ಇಕ್ಕಳ ಇದ್ದಾಗ ಮಾತಾಡಬೇಡ ಅಂತ ನಲವತ್ತು ವರ್ಷದಿಂದ ಹೇಳ್ತಿದೀನಿ."

"ಇಕ್ಕಳ ಸುಡ್ತಿರೋದೇ ಅದಕ್ಕೆ. ನೀವು ನಿಲ್ತಿದೀರಿ."

"ಎಲ್ಲಿ ನಿಲ್ತಿದೀನಿ? ಕೂತಿದೀನಲ್ಲ."

"ಜಪದಲ್ಲಿ. ಬರ್ತಾ ಬರ್ತಾ ಒಂದು ಕಡೆ ನಿಂತುಬಿಡ್ತೀರಿ. ತುಟಿ ಆಡೋದು ನಿಲ್ಲುತ್ತೆ. ಎಲ್ಲೋ ನೋಡ್ತೀರಿ. ನಾನು ಇಷ್ಟು ಬಟಾಣಿ ಸುಲಿಯೋಷ್ಟು ಹೊತ್ತಾದ ಮೇಲೆ ಅದರ ಮುಂದಿನ ಸಾಲಿಂದ ಶುರುಮಾಡ್ತೀರಿ. ಒಂದು ಸಾಲು ನಿಮ್ಮ ಬಾಯಿಗೆ ಬರ್ತಾನೇ ಇಲ್ಲ ಅತ್ತಿಗೆ."

ಯಾವ ಸಾಲು ಎಂದು ಓಸ್ತಿಯಮ್ಮ ಕೇಳಲಿಲ್ಲ. ಇನ್ನೊಂದು ಸೌಟು ಹಿಟ್ಟು ಹುಯ್ದು ಇಕ್ಕಳ ಮುಚ್ಚಿದಳು. ಈ ಸಲ ತನ್ನ ದನಿಗೆ ತಾನೇ ಕಿವಿಗೊಟ್ಟಳು. ತಂದೆಯ ಹೆಸರು ಬಂತು, ರಾಜ್ಯ ಬಂತು. ನಿನ್ನ ಚಿತ್ತದಂತೆಯೇ ಆಗಲಿ ಎಂದು ಒಪ್ಪಿಸುವ ಸಾಲು ಬಂದಾಗ ದನಿ ನಿಂತಿತು. ಅಳು ಬಂದು ನಿಂತದ್ದಲ್ಲ, ಯಾರೋ ಒಳಗಿನಿಂದ ಬಾಗಿಲು ಹಾಕಿಕೊಂಡ ಹಾಗೆ. ಕಣ್ಣ ಮುಂದೆ ಆ ಒಂದೇ ಪೆಟ್ಟಿಗೆ. ಆಗಲಿ ಅನ್ನಬೇಕು. ಆದದ್ದಕ್ಕೆ ಆಗಲಿ ಅನ್ನಬೇಕು. ಇಕ್ಕಳದಿಂದ ಹೊಗೆ ಎದ್ದಿತು. ನಾದಿನಿ ಬಂದು ಅವಳ ಕೈಯಿಂದ ಬಿಡಿಸಿ ಪಕ್ಕಕ್ಕಿಟ್ಟಳು.

"ಅಮ್ಮ ಅಪ್ಪನ್ನ ಮಣ್ಣು ಮಾಡಿ ಬಂದು ಹೇಳಿದ್ಳು" ಎಂದಳು ಓಸ್ತಿಯಮ್ಮ.

"ಅವರದು ಗಂಡ. ನಿಮ್ಮದು ಮಗಳು."

"ತಕ್ಕಡೀಲಿಟ್ಟು ತೂಗ್ತೀಯಾ?"

"ತೂಗ್ತಿಲ್ಲ ಅತ್ತಿಗೆ. ಬೇರೆ ಜಪ ಹೇಳಿ ಅಂತೀನಿ. ಅಷ್ಟೇ ಉದ್ದದ್ದು ಎಷ್ಟಿಲ್ಲ? ಮಾತೆಯ ಜಪ ಹೇಳಿ, ಒಂದೂವರೆ ಸಲ ಹೇಳಿದ್ರೆ ಸರಿಹೋಗುತ್ತೆ."

ಮರುದಿನ ಅದನ್ನೂ ನೋಡಿದಳು. ದೇವಮಾತೆಯ ಜಪ, ಹೆಣ್ಣುಮಕ್ಕಳ ಜಪ, ಅದಕ್ಕೇನು ತೊಡಕು ಎಂದುಕೊಂಡು. ಆ ಜಪದ ನಡುವೆಯೇ ಮಾತೆಯ ಗರ್ಭದ ಫಲಕ್ಕೆ ಶುಭ ಹೇಳುವ ಮಾತು ಬರುತ್ತದೆ. ಎಪ್ಪತ್ತರ ಹತ್ತಿರ ಬಂದವಳು, ಲಕ್ಷ ಸಲ ಹೇಳಿದ ಜಪ, ಆ ಮಾತು ಅಲ್ಲಿದೆ ಎಂಬುದು ಇಷ್ಟು ವರ್ಷದಲ್ಲಿ ಮೊದಲ ಸಲ ಕಿವಿಗೆ ಬಿದ್ದಂತಾಯಿತು. ಇಕ್ಕಳವನ್ನು ಬೆಂಕಿಯ ಮೇಲೇ ಬಿಟ್ಟು ಹಿತ್ತಲಿಗೆ ನಡೆದಳು. ನಾದಿನಿಯೇ ಎದ್ದು ಇಕ್ಕಳ ಕೆಳಗಿಳಿಸಿದಳು.

ಬೀದಿಯಲ್ಲಿ ಹಬ್ಬ ಜೋರಾಗಿತ್ತು. ಮನೆಮನೆಗೆ ನಕ್ಷತ್ರ ಏರಿತು, ಕೇಕಿನಂಗಡಿಯ ಮುಂದೆ ಸಾಲು ತಿರುವಿನತನಕ ಬೆಳೆಯಿತು. ಯಾರ ಮನೆಯ ದೀಪ ಹೆಚ್ಚು ಎಂದು ಪೈಪೋಟಿ ಬಿತ್ತು. ಒಂದು ಮಧ್ಯಾಹ್ನ ಓಸ್ತಿಯಮ್ಮ ಚರ್ಚಿಗೆ ಹೋದಳು. ಬೇರೆ ಯಾರೂ ಇಲ್ಲದಾಗ ಆ ಸಾಲನ್ನು ಒಂದು ಸಲ ಹೇಳಿ ನೋಡೋಣ ಎಂದು. ಗೋದಲಿ ಸಿದ್ಧವಾಗಿತ್ತು. ತಾಯಿ, ತಂದೆ, ಕತ್ತೆ, ಕುರುಬರು, ಬೊಂಬೆಗಳೆಲ್ಲ ಹುಲ್ಲಿನ ಒಂದು ಗುಳಿಯನ್ನೇ ನೋಡುತ್ತ ನಿಂತಿದ್ದವು. ಮಗುವನ್ನು ಹಬ್ಬದ ಪೂಜೆಯಲ್ಲಿ ತಂದಿಡುವುದು ವಾಡಿಕೆ. ಆ ಖಾಲಿ ಗುಳಿಯನ್ನು ಅವಳೂ ನೋಡಿದಳು. ಸಮಾಧಿಯ ಗುಂಡಿಯೂ ಇಷ್ಟೇ ಆಸ್ಥೆಯಿಂದ ತೋಡಿದ್ದರಲ್ಲ ಎನ್ನಿಸಿತು.

ಮೇಲಿನಿಂದ ಸದ್ದಾಯಿತು. ಏಣಿಯ ತುದಿಯಲ್ಲಿ ಕಂಡಕ್ಟರ್, ಕೊರಳಿಗೆ ಬಲ್ಬಿನ ಸರ ಹಾಕಿಕೊಂಡು. ಅವಳನ್ನು ನೋಡಿ ಮೆಲ್ಲಗೆ ಇಳಿದು ಬಂದ.

"ಅಮ್ಮಾ, ಆವತ್ತು ನಾನು ಹೇಳಿದ್ದು ಕೆಟ್ಟದ್ದಕ್ಕಲ್ಲ."

"ಗೊತ್ತು ಬಿಡಿ."

"ನಿಮ್ಮ ಗಿಣಿ ಸ್ಕೂಲಿಗೆ ನನ್ನ ಬಸ್ಸಲ್ಲೇ ಬರ್ತಿದ್ದಳು. ಟಿಕೆಟ್ ಹರಿಯೋಷ್ಟರಲ್ಲಿ ನಾಲ್ಕು ಕತೆ ಹೇಳಿರೋಳು. ಕೇಳ್ತಾ ಕೇಳ್ತಾ ಎಷ್ಟೋ ಸಲ ಸ್ಟಾಪ್ ಮರೆತು ಬೈಸ್ಕೊಂಡಿದೀನಿ." ಅವನು ಬಲ್ಬಿನ ಸರವನ್ನು ಸುಮ್ಮನೆ ಎಣಿಸತೊಡಗಿದ, ಮುಖ ಮೇಲೆತ್ತಲಾಗದೆ.

"ಕಂಡಕ್ಟರೇ, ಪರಲೋಕ ಜಪ ಒಂದು ಸಲ ಹೇಳಿ."

"ಈಗಲಾ?"

"ಈಗಲೇ."

ಅವನು ಬಸ್ಸಿನ ಊರುಗಳನ್ನು ಕೂಗುವ ವೇಗದಲ್ಲಿ, ಎಲ್ಲೂ ಉಸಿರು ತೆಗೆಯದೆ, ಆಮೆನ್ ತನಕ ಹೋಗಿ ನಿಂತ.

"ನಡುವೆ ಎಲ್ಲೂ ನಿಲ್ಲಿಸಲ್ವಾ?"

"ನಿಲ್ಲಿಸಿದ್ರೆ ಮರೆತುಹೋಗುತ್ತಮ್ಮಾ" ಎಂದ ಕಂಡಕ್ಟರ್.

ಗಿಣಿ ಹೋದ ಮೇಲೆ ಮೊದಲ ಸಲ ಅವಳು ನಕ್ಕಳು. ನಗು ಅರ್ಧಕ್ಕೇ ಒಡೆದು ಬೇರೆ ಏನೋ ಆಯಿತು. ಕಂಡಕ್ಟರ್ ಬಲ್ಬು ಬಿಟ್ಟು ಬೆಂಚಿನ ಧೂಳು ಒರೆಸಿ ಕೂರಿಸಿದ. ಆ ಸಾಲನ್ನು ಅಲ್ಲೂ ಅವಳಿಗೆ ಹೇಳಲಾಗಲಿಲ್ಲ.

ಇಪ್ಪತ್ತೊಂದನೆಯ ತಾರೀಕು ಬೆಳಗ್ಗೆ ನಾದಿನಿ ಮುಂದಿನ ಕೋಣೆಯಿಂದ ಒಂದು ಅಲಾರಂ ಗಡಿಯಾರ ತಂದು ಒಲೆಯ ಕಟ್ಟೆಯ ಮೇಲೆ ಕುಕ್ಕಿದಳು. ಅವಳಣ್ಣ ರಿಪೇರಿ ಮಾಡಿದ್ದು, ಯಾರೂ ಬಂದು ಒಯ್ಯದೆ ಉಳಿದದ್ದು.

"ಇಪ್ಪತ್ತೆಂಟು ಸೆಕೆಂಡು. ಅಣ್ಣನೇ ಅಳೆದಿದ್ದು. ನೀವು ಬಾಯಿ ಬಿಡೋದೂ ಬೇಡ. ಮುಳ್ಳು ಇಲ್ಲಿಗೆ ಬಂದಾಗ ನಾನು ಹೂಂ ಅಂತೀನಿ, ನೀವು ತಿರುವಿ."

"ಗಡಿಯಾರ ನೋಡಿ ಸುಟ್ಟರೆ ಬಿಸ್ಕತ್ತಾಗುತ್ತೆ."

"ಬಿಸ್ಕತ್ತೋ ಓಸ್ತಿಯೋ, ಮೊದಲು ಬೆಳ್ಳಗಾಗಲಿ. ಎಪ್ಪತ್ತೈದು ಹಾಳೆ ಬೇಕು, ಕೈಲಿರೋದು ಸೊನ್ನೆ. ಇಕ್ಕಳ ಗಾಜಿನ ಪೆಟ್ಟಿಗೆಗೆ ಹೋಗ್ಲಾ? ನಿಮ್ಮಜ್ಜಿ ನೀರಲ್ಲಿ ಹೊತ್ತು ತಂದಿದ್ದು ಅದಕ್ಕಾ?"

ಓಸ್ತಿಯಮ್ಮ ಸೋತಳು. ಹಿಟ್ಟು ಹುಯ್ದಳು. ಗಡಿಯಾರ ಟಿಕ್ ಟಿಕ್ ಎನ್ನುತ್ತಿತ್ತು. ನಾದಿನಿ ಹೂಂ ಎಂದಳು, ಇವಳು ತಿರುವಿದಳು. ಮತ್ತೆ ಹೂಂ, ಬಿಚ್ಚಿದಳು.

ಹಾಲಿನ ಕೆನೆಯಂಥ ಹಾಳೆ. ಒಂದು ಚುಕ್ಕೆಯಿಲ್ಲ, ಒಂದು ಬಿರುಕಿಲ್ಲ. ಶಿಲುಬೆ ಎದ್ದು ಕಾಣುತ್ತಿತ್ತು, ನಾಯಿಯಂಥ ಕುರಿಮರಿಯ ಬಾಲದ ಕೂದಲೂ ಕಾಣುತ್ತಿತ್ತು. ನಾದಿನಿ ಕೈ ತಟ್ಟಿದಳು, "ನೋಡಿ! ಯಾರಿಗೆ ಗೊತ್ತಾಗುತ್ತೆ?"

ಓಸ್ತಿಯಮ್ಮ ಅದನ್ನು ಬೆಳಕಿಗೆ ಹಿಡಿದು ನೋಡಿದಳು. ನಿಜ, ಯಾರಿಗೂ ಗೊತ್ತಾಗುವುದಿಲ್ಲ. ಫಾದರ್‌ಗೂ ಇಲ್ಲ, ಸಾಲು ನಿಂತು ನಾಲಿಗೆ ಚಾಚುವ ಆರುನೂರು ಜನಕ್ಕೂ ಇಲ್ಲ. ಅವಳಮ್ಮ ಸುಟ್ಟದ್ದರ ಪಕ್ಕ ಇಟ್ಟರೂ ವ್ಯತ್ಯಾಸ ಕಾಣುವುದಿಲ್ಲ. ಅದನ್ನೇ ಅವಳಿಗೆ ಸಹಿಸಲಾಗಲಿಲ್ಲ. ಕರಿ ಹಾಳೆಯಾದರೂ ಅವಳ ಒಳಗಿದ್ದದ್ದನ್ನು ಇದ್ದ ಹಾಗೆ ತೋರಿಸಿತ್ತು. ಈ ಬಿಳಿ ಹಾಳೆ ಒಪ್ಪಿಕೊಳ್ಳದವಳನ್ನು ಒಪ್ಪಿಕೊಂಡವಳ ಹಾಗೆ ತೋರಿಸುತ್ತಿತ್ತು. ಅದನ್ನು ಎರಡಾಗಿ ಮುರಿದು ಒಂದು ತುಂಡು ನಾದಿನಿಯ ಕೈಗಿಟ್ಟಳು.

"ತಿನ್ನು."

"ನಿಮಗೆ ಹುಚ್ಚು ಅತ್ತಿಗೆ."

"ಇರಬಹುದು. ತಿನ್ನು, ಚೆನ್ನಾಗಿ ಬೆಂದಿದೆ."

ಇಬ್ಬರೂ ಎದುರುಬದುರು ಕೂತು ರುಚಿಯಿಲ್ಲದ ಆ ರೊಟ್ಟಿಯನ್ನು ಕುರುಕುರು ತಿಂದರು. ನಾದಿನಿ ತಿನ್ನುತ್ತ ತಿನ್ನುತ್ತ ಅಳತೊಡಗಿದಳು. ನಾಲಿಗೆ ಗರಗಸದಂತಿದ್ದವಳು ಅಳುವುದನ್ನು ಗಿಣಿಯ ಮಣ್ಣಿನ ದಿನವೂ ಯಾರೂ ಕಂಡಿರಲಿಲ್ಲ. "ಅವಳಿದ್ದಿದ್ರೆ ಈ ಹೊತ್ತಿಗೆ ಮಗು ಕಾಲು ಕೈ ಆಡಿಸ್ತಿತ್ತು" ಎಂದಳು. ಓಸ್ತಿಯಮ್ಮ ಅವಳ ಬೆನ್ನು ಸವರಿದಳು.

ಇಪ್ಪತ್ತೆರಡಕ್ಕೆ ಮತ್ತೆ ಜಪ ಹಿಡಿದು ಕೂತಳು. ಹದಿನೆಂಟು ಹಾಳೆ, ಹದಿನೆಂಟೂ ಕಪ್ಪು.

ಇಪ್ಪತ್ತಮೂರರ ಬೆಳಗ್ಗೆ ಒಂಬತ್ತಕ್ಕೆ ಫಾದರ್ ಬಂದರು. ನಾದಿನಿಯೇ ಹೋಗಿ ಎಲ್ಲ ಒದರಿ ಬಂದಿದ್ದಳು. ಅವರು ಚಪ್ಪಲಿ ಬಿಟ್ಟು, ಬಗ್ಗಿ ಅಡುಗೆಮನೆಯೊಳಗೆ ಬಂದು, ಕರಿ ಹಾಳೆಗಳ ಬುಟ್ಟಿಗಳನ್ನು ನೋಡಿ, ಗಿಣಿ ಕೂರುತ್ತಿದ್ದ ಮಣೆಯೆಂದು ತಿಳಿಯದೆ ಅದರ ಮೇಲೆ ಕೂತರು. ನಾದಿನಿ ಏನೋ ಹೇಳಲು ಬಾಯಿ ತೆರೆದಳು. ಓಸ್ತಿಯಮ್ಮ ಕಣ್ಣಲ್ಲೇ ತಡೆದಳು.

"ಅಮ್ಮಾ, ಒಂದು ಮಾತು ಹೇಳ್ತೀನಿ. ಓಸ್ತಿಗೆ ಗೋಧಿ, ನೀರು, ಬೆಂಕಿ ಇದ್ರೆ ಸಾಕು. ಸುಡುವಾಗ ಜಪ ಹೇಳ್ಬೇಕು ಅಂತ ಧರ್ಮಸಭೆಯ ಯಾವ ಕಟ್ಟಳೇಲೂ ಇಲ್ಲ. ಪ್ಯಾಕೆಟ್ಟಿಂದು ಮಿಷನ್ನಲ್ಲಿ ಬೇಯುತ್ತೆ. ದೇವರು ಅದರಲ್ಲೂ ಬರ್ತಾನೆ."

"ಬರ್ತಾನೆ ಫಾದರ್. ಅವನು ಬರೋದನ್ನ ತಡೆಯೋಳು ನಾನ್ಯಾರು?"

"ಮತ್ತೆ ಯಾಕಮ್ಮಾ ಇಷ್ಟು ಕಷ್ಟಪಡ್ತೀರ?"

ಅವಳು ಕೆಂಡ ಕೆದಕಿದಳು. ಫಾದರ್ ಅಂಗಿಯ ತೋಳು ಮಡಚಿ, ಮುಂದೆ ಸರಿದು ಇಕ್ಕಳದ ಒಂದು ಹಿಡಿಯನ್ನು ಹಿಡಿದುಕೊಂಡರು. ಅವರಿಗೂ ತಾಯಿ ಇದ್ದಳು, ದೂರದಲ್ಲಿ.

"ಸರಿ, ಹೀಗೆ ಮಾಡೋಣ. ನೀವು ಹಿಟ್ಟು ಹಾಕಿ. ಜಪ ನಾನು ಹೇಳ್ತೀನಿ, ಗಟ್ಟಿಯಾಗಿ. ಆ ಸಾಲು ಬಂದಾಗ ನೀವು ಸುಮ್ಮನಿರಿ, ನಿಮ್ಮ ಬದಲು ನಾನು ದಾಟಿಸ್ತೀನಿ. ಅದಕ್ಕೇ ಅಲ್ವಾ ನಾನಿರೋದು? ಮಧ್ಯಾಹ್ನದೊಳಗೆ ಎಪ್ಪತ್ತೈದು ಹಾಳೆ ಆಗುತ್ತೆ. ಇವತ್ತು ಒದ್ದೆ ಬಟ್ಟೇಲಿಟ್ಟರೆ ನಾಳೆ ಬೆಳಗ್ಗೆ ಎಲ್ಲರೂ ಸೇರಿ ಕತ್ತರಿಸೋಣ. ಇಕ್ಕಳ ಈ ಮನೇಲೇ ಉಳಿಯುತ್ತೆ. ಹೂಂ ಅನ್ನಿ ಅಮ್ಮಾ."

ನಾದಿನಿ ಬಾಗಿಲಲ್ಲಿ ಕೈ ಮುಗಿದು ನಿಂತಿದ್ದಳು, ಅತ್ತಿಗೆ ಹೂಂ ಅನ್ನಲಿ ಎಂದು. ಓಸ್ತಿಯಮ್ಮ ಸೌಟು ಎತ್ತಿದಳು. ಹಿಟ್ಟಿನಲ್ಲಿ ಅದ್ದಿದಳು. ಹಾಗೇ ಪಾತ್ರೆಯ ಅಂಚಿಗೆ ಒರಗಿಸಿಟ್ಟು, ಒದ್ದೆ ಕೈ ಒರೆಸಿಕೊಂಡು, ಆ ಹುಡುಗು ಮುಖದ ಗುರುಗಳನ್ನು ದಿಟ್ಟಿಸಿ ನೋಡಿದಳು.

"ಬೇಡ ಫಾದರ್. ನಿಮ್ಮದು ದೊಡ್ಡ ಮನಸ್ಸು, ಆದ್ರೆ ಬೇಡ. ನೀವು ಹೇಳಿದ್ರೆ ರೊಟ್ಟಿ ಬೆಳ್ಳಗಾಗುತ್ತೆ, ನಾನು ಹೇಳಿದ ಹಾಗಾಗಲ್ಲ. ಆ ಮಾತು ನನ್ನ ಬಾಯಿಗೆ ಬರ್ತಿಲ್ಲ. ಬಂದಿದೆ ಅಂತ ಸುಳ್ಳು ಸುಟ್ಟು ಪೀಠದ ಮೇಲಿಡಲಾ? ಬೇರೆ ದಿನ ಆಗಿದ್ರೆ ಇಡ್ತಿದ್ನೋ ಏನೋ. ಅವನು ಹುಟ್ಟೋ ದಿನ ಇಡಲ್ಲ. ಮಗು ನೋಡಕ್ಕೆ ಬಂದೇ ಬರ್ತೀನಿ ಫಾದರ್, ಅದರ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟಿರೋದು ಅದರ ತಂದೆ ಮೇಲೆ. ಅದನ್ನ ನಾನು, ಅವನು, ಇಬ್ಬರೇ ಕೂತು ಬಗೆಹರಿಸ್ಕೋಬೇಕು. ಈ ವರ್ಷ ಆಗುತ್ತೋ, ನಾನು ಸಾಯೋದ್ರೊಳಗೆ ಆಗುತ್ತೋ, ಗೊತ್ತಿಲ್ಲ. ನಡುವೆ ನೀವು ಬಂದು ನನ್ನ ಬಾಯಾಗ್ಬೇಡಿ. ಪ್ಯಾಕೆಟ್ ತರಿಸಿ. ಇಕ್ಕಳ ಬಿಡಿ, ಹಿಡಿ ಕಾದಿದೆ, ನಿಮ್ಮ ಕೈಗೆ ಅಭ್ಯಾಸ ಇಲ್ಲ."